ತಲೆಯಿಲ್ಲದ ಹೊಳೆ

ನಮ್ಮ ಪಲ್ಪರಿನ ಕಬ್ಬಿಣದ ಹಿಡಿ ನನ್ನ ಅಂಗೈಗೂ ಸೊಸೆ ಶಾರದೆಯ ಅಂಗೈಗೂ ಉಜ್ಜಿ ಉಜ್ಜಿ ಎಷ್ಟು ನುಣುಪಾಗಿದೆಯೆಂದರೆ, ಅದರಲ್ಲಿ ಮುಖ ನೋಡಿಕೊಂಡು ಕುಂಕುಮ ಇಟ್ಟುಕೊಳ್ಳಬಹುದು. ನೀವು ಕಾಫಿ ಬೆಳೆಯದ ಊರಿನವರಾದರೆ ಹೇಳುತ್ತೇನೆ ಕೇಳಿ: ಅರೇಬಿಕಾ ಹಣ್ಣನ್ನು ಕೊಯ್ದ ದಿನವೇ ಪಲ್ಪರಿಗೆ ಹಾಕಿ ಸಿಪ್ಪೆ ಬಿಡಿಸಬೇಕು, ರಾಶಿ ಹಾಕಿ ಮಲಗಿದಿರೋ, ಬೆಳಗ್ಗೆ ಹುಳಿ ನಾತ. ರೊಬಸ್ಟಾಕ್ಕೆ ಈ ಬಿಂಕವಿಲ್ಲ, ಸಿಪ್ಪೆ ಸಮೇತ ಕಣದಲ್ಲಿ ಬಿದ್ದು ಒಣಗುತ್ತದೆ. ಕಳೆದ ಸುಗ್ಗಿಯಲ್ಲಿ ಹಿಡಿ ತಿರುಗಿಸಿ ತಿರುಗಿಸಿ ಶಾರದೆಯ ತೋಳು ಹಿಡಿದುಕೊಂಡಿತು.

"ಅತ್ತೆ, ಬರೋ ವರ್ಷಾನೂ ಇದನ್ನ ಕೈಯಲ್ಲೇ ತಿರುಗ್ಸೋದಾದ್ರೆ ಅರೇಬಿಕಾ ಕಡಿಸಿ ರೊಬಸ್ಟಾ ಹಾಕೋದೇ ಸೈ" ಎಂದಳು.

ನಾನು ಸಂಸೆಗೆ ಮದುವೆಯಾಗಿ ಬಂದ ವರ್ಷ ನೆಟ್ಟ ಗಿಡಗಳವು. ಆದರೂ ಅವಳ ಮಾತಿನಲ್ಲಿ ತಪ್ಪು ಹುಡುಕಲಾಗಲಿಲ್ಲ. ನನ್ನ ತೋಳೂ ನನ್ನ ಮಾತು ಕೇಳುವುದನ್ನು ಬಿಟ್ಟು ಕಾಲವಾಗಿತ್ತು.

ಮೋಟಾರು ಕೂರಿಸೋಣವೆಂದರೆ, ಕಾಡು ದಾಟಿ ಬರುವ ಲೈನಿನ ಕರೆಂಟು ನಮ್ಮ ಮನೆ ತಲಪುವಷ್ಟರಲ್ಲಿ ಸುಸ್ತಾಗಿರುತ್ತದೆ. ಗುಡ್ಡದ ಮೇಲಿನ ಮನೆಗಳವರು ಬಂಡೆಯಿಂದ ಧುಮುಕುವ ಅಬ್ಬಿಯ ನೀರನ್ನು ಪೈಪಿನಲ್ಲಿ ಇಳಿಸಿ ತಮ್ಮ ಕರೆಂಟು ತಾವೇ ಮಾಡಿಕೊಂಡಿದ್ದಾರೆ. ಅವರ ಇಂಜಿನಿಯರನ್ನೇ ಕರೆಸಿದೆವು. ಅವನು ಬೂಟು ಒದ್ದೆಯಾಗದಂತೆ ಗದ್ದೆಯಂಚಿನಲ್ಲಿ ನಿಂತು, "ಅಜ್ಜಿ, ನಿಮ್ಮ ಹೊಳೆಗೆ ಹೆಡ್ಡೇ ಇಲ್ವಲ್ಲ" ಎಂದ.

"ತಲೆ ಇಲ್ದಿದ್ರೂ ಅದು ಒಂದು ದಿನಾನೂ ದಾರಿ ತಪ್ಪಿಲ್ಲ ಮಾರಾಯ. ನೀನು ಇಲ್ಲಿಗೆ ಬರೋಕೆ ಮೂರು ಸಲ ದಾರಿ ಕೇಳ್ದೆ" ಎಂದೆ.

ಹೆಡ್ಡೆಂದರೆ ನೀರು ಬೀಳುವ ಎತ್ತರವಂತೆ. ಗದ್ದೆಗೆ ನೀರು ತಿರುಗಿಸುವ ನಮ್ಮ ಕಟ್ಟದ ಬಳಿ ಹೊಳೆ ನನ್ನ ಎದೆಮಟ್ಟ ಇಳಿಯುತ್ತದೆ, ಅಷ್ಟೇ. ಅವನು ಹೋದ ಮೇಲೆ ಅಲ್ಲೇ ಕುಳಿತು ಯೋಚಿಸಿದೆ. ಅಬ್ಬಿಯ ಮುಂದೆ ಫೋಟೋ ತೆಗೆಸಿಕೊಳ್ಳಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಬೀಳುವುದೇನು ಮಹಾ ವಿದ್ಯೆಯೇ? ಕಾಲು ಜಾರಿದರೆ ನಾನೂ ಬೀಳುತ್ತೇನೆ. ಸದ್ದಿಲ್ಲದೆ, ಅಗಲವಾಗಿ, ಸುಗ್ಗಿ ಮುಗಿಯುವವರೆಗೂ ಸೊರಗದೆ ನಡೆಯುವ ಈ ನೀರಿಗೆ ಶಕ್ತಿಯಿಲ್ಲವೆಂದರೆ, ಪ್ರತಿ ಮಳೆಗಾಲ ಹೊಳೆ ದಾಟುವ ನಮ್ಮ ಮರದ ಸಂಕವನ್ನು ಹೊತ್ತುಕೊಂಡು ಹೋಗುವವರು ಯಾರು?

ಈ ಮಾತು ಅರ್ಥವಾದದ್ದು ಕಳಸದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಬಾಬಣ್ಣನಿಗೆ. "ಬೀಳೋದು ಕಮ್ಮಿ ಆದ್ರೇನಂತೆ ಅಮ್ಮ, ನೀರು ಜಾಸ್ತಿ ಉಂಟಲ್ಲ" ಎಂದವನೇ ಕಟ್ಟದ ಪಕ್ಕ ತೊಟ್ಟಿ ಕಟ್ಟಿಸಿ, ಅಗಲ ರೆಕ್ಕೆಯ ಫ್ಯಾನಿನಂಥ ಚಕ್ರ ಇಳಿಸಿ ಅದಕ್ಕೆ ಡೈನಮೋ ಜೋಡಿಸಿದ, ಪಲ್ಪರಿಗೆ ಬೆಲ್ಟು ಹಾಕಿ ಮೋಟಾರು ಕೂರಿಸಿದ. ಒಂದೇ ಕಟ್ಟಳೆ ಹಾಕಿದ: ಈ ಕರೆಂಟು ಸುಮ್ಮನೆ ಕೂರಬಾರದು, ಕೆಲಸವಿಲ್ಲದಿದ್ದರೆ ಚಕ್ರ ಹುಚ್ಚೆದ್ದು ಓಡಿ ಬಲ್ಬುಗಳನ್ನು ಸುಟ್ಟುಹಾಕುತ್ತದೆ, ಆದ್ದರಿಂದ ಬಚ್ಚಲ ಹಂಡೆಯ ಕಾಯಿಲಿನಲ್ಲಿ ನೀರಾದರೂ ಕಾಯುತ್ತಿರಬೇಕು. ಹಗಲು ಉರಿಯುವ ದೀಪ ಕಂಡರೆ ಮನೆಮಂದಿಗೆಲ್ಲ ಬೈದು ಬಾಳಿದ ನನಗೆ ಇದೊಂದು ಹೊಸ ಧರ್ಮ.

ಮೊದಲ ಕೊಯ್ಲಿನ ಮಧ್ಯಾಹ್ನ ಹಣ್ಣಿನ ರಾಶಿಯ ಮುಂದೆ ಶಾರದೆ ಕೈಕಟ್ಟಿ ನಿಂತಳು. ಬಾಬಣ್ಣ ಮೋಟಾರಿನ ಸ್ವಿಚ್ಚು ಒತ್ತಿದ. ಅದು ಗುಂಯ್ ಎಂದಿತೇ ಹೊರತು ತಿರುಗಲಿಲ್ಲ. ಬಲ್ಬು ಮಂಕಾಯಿತು. ನನ್ನ ಗಿಡಗಳ ಬುಡಕ್ಕೆ ಕೊಡಲಿ ಬಿದ್ದ ಸದ್ದೇ ಕಿವಿಗೆ ಬಂತು.

"ಅತ್ತೆ, ಬಚ್ಚಲ ಕಾಯಿಲ್ ಆರಿಸಿದ್ರಾ?" ಎಂದಳು ಶಾರದೆ.

"ಸುಮ್ನೆ ಕೂರ್ಬಾರ್ದು ಅಂತ ಬಾಬಣ್ಣನೇ ಹೇಳಿದ್ನಲ್ಲ! ಎಲ್ಲಾ ಹಾಕಿದೀನಿ."

"ಅಯ್ಯೋ ಅಮ್ಮ, ಒಂದೇ ಎತ್ತಿಗೆ ಎರಡು ನೇಗಿಲು ಕಟ್ಟಿದ್ದೀರಲ್ಲ!" ಎಂದು ಬಾಬಣ್ಣ ತಲೆ ಚಚ್ಚಿಕೊಂಡ.

ಶಾರದೆ ಓಡಿಹೋಗಿ ಕಾಯಿಲ್ ಆರಿಸಿದಳು. ಬೆಲ್ಟು ಒಮ್ಮೆ ಕೊಸರಿತು, ಪಲ್ಪರು ಗರಗರ ತಿರುಗಿತು. ಕೆಂಪು ಸಿಪ್ಪೆ ಹಿಂದಕ್ಕೆ, ಲೋಳೆ ಬೀಜ ಮುಂದಕ್ಕೆ, ಧೋ ಎಂದು ಸುರಿಯತೊಡಗಿದವು. ಬಿಸಿಲು ಗುಡ್ಡ ದಾಟುವ ಮೊದಲೇ ರಾಶಿ ಖಾಲಿ. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟ ಮುದುಕಿ ಆ ಹೊತ್ತು ಯಾವ ಇಂಜಿನಿಯರಿಗೂ ಕಮ್ಮಿಯಿರಲಿಲ್ಲ, ಹೇಳಿಬಿಡುತ್ತೇನೆ.

ಮರುದಿನ ಬೆಳಗ್ಗೆ ಶಾರದೆ ತೋಟದಿಂದ ಗೆರಸೆ ತುಂಬ ದಪ್ಪ ಹಣ್ಣು ಆರಿಸಿ ತಂದು ಪಲ್ಪರಿನ ಕಡೆ ಹೊರಟಿದ್ದಳು.

"ಏನೇ ಅದು?"

"ಗಿಡ ಸತ್ತ ಜಾಗಕ್ಕೆ ಸಸಿ ಮಾಡ್ಬೇಕಲ್ಲ ಅತ್ತೆ. ಅರೇಬಿಕಾನೇ."

ಒಳಗೊಳಗೇ ಕುಣಿದೆ, ಬಾಯಲ್ಲಿ ಮಾತ್ರ, "ಬಿತ್ತನೆ ಬೀಜ ಮಿಷನಿಗೆ ಹಾಕಿದ್ರೆ ಸಿಗಿದುಹೋಗುತ್ತೆ ಕಣೇ, ಕೈಯಲ್ಲೇ ಹಿಸುಕಿ ತೆಗೀಬೇಕು" ಎನ್ನುತ್ತ ಅವಳ ಪಕ್ಕ ಕುಳಿತೆ.