ಇಂಜಿನ್ನಿಗೆ ತುಂಬಿದ ಉಡಿ

ನಾನು ನೋಡಿದ್ದೆನೋ, ಊರವರು ಹೇಳಿದ್ದನ್ನೇ ನೋಡಿದೆ ಎಂದುಕೊಂಡೆನೋ, ಇವತ್ತಿಗೂ ಗೊತ್ತಿಲ್ಲ. ಇಂಜಿನ್ನಿನ ಡೀಸೆಲ್ ಟ್ಯಾಂಕಿನ ಮುಚ್ಚಳ ತೆಗೆದ ಒಂದು ಕೈ, ಹಸಿರು ಬಳೆ, ಬೆರಳ ಸಂದಿನಿಂದ ಒಳಗೆ ಸುರಿಯುವ ಅರಿಸಿನದ ಅಕ್ಕಿ... ಚಿತ್ರ ಬಹಳ ಸ್ಪಷ್ಟವಾಗಿದೆ. ಅಷ್ಟು ಸ್ಪಷ್ಟವಾಗಿರುವುದಕ್ಕೇ ನನಗೆ ಅದರ ಮೇಲೆ ಅನುಮಾನ.

ಈಚೆಗೆ ಕೂಡ್ಲಿಗಿಯ ಒಂದು ಹಿಟ್ಟಿನ ಗಿರಣಿಯ ಮುಂದೆ ಅದು ಮತ್ತೆ ಎದ್ದು ಬಂತು. ಕರೆಂಟು ಹೋಗಿತ್ತು. ಪಕ್ಕದ ಅಂಗಡಿಯ ಜನರೇಟರು ಹೊಗೆ ಕಾರುತ್ತಿತ್ತು. ಆಗಷ್ಟೇ ಬೀಸಿದ ಜೋಳದ ಹಿಟ್ಟಿನ ಚೀಲವನ್ನು ಎದೆಗೆ ಅವಚಿಕೊಂಡು ನಿಂತಿದ್ದೆ. ಬಿಸಿ ಹಿಟ್ಟು, ಡೀಸೆಲ್ ಹೊಗೆ. ಈ ಎರಡು ವಾಸನೆ ಕೂಡಿದರೆ ನನಗೆ ಗಿರಣಿ ದೊಡ್ಡವ್ವನ ನೆನಪು.

ದೊಡ್ಡವ್ವ ಎಂದರೆ ನಂಟೇನಲ್ಲ. ಕೊಟ್ಟೂರಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಅವರ ಮನೆಯ ಆಚೆ ಬದಿಗೆ ಗಿರಣಿ. ಅಲ್ಲಿ ಎರಡು ದೊಡ್ಡ ಚಕ್ರಗಳ ಹಳೆಯ ಡೀಸೆಲ್ ಇಂಜಿನ್ ಇತ್ತು. ದೊಡ್ಡವ್ವನ ಗಂಡ, ಅಂದರೆ ನಮಗೆ ದೊಡ್ಡಪ್ಪ, ದಿನಾ ಬೆಳಿಗ್ಗೆ ಜಳಕ ಮಾಡಿ ಬಂದು, ಮೊದಲು ಅದರ ಚಕ್ರಕ್ಕೆ ವಿಭೂತಿ ಎಳೆದು, ಆಮೇಲೆ ತಮ್ಮ ಹಣೆಗೆ ಎಳೆದುಕೊಳ್ಳುತ್ತಿದ್ದರು. ಹ್ಯಾಂಡಲ್ ಹಾಕಿ ತಿರುಗಿಸುವಾಗ ಅವರ ಮುಖದಲ್ಲಿ ಒಂದು ನಾಚಿಕೆ ಇರುತ್ತಿತ್ತು. ನಮ್ಮ ಕಡೆ ಗಂಡಸರು ಹೆಂಡತಿಯನ್ನು 'ನಮ್ಮಾಕಿ' ಅನ್ನುತ್ತಾರೆ. ದೊಡ್ಡಪ್ಪ ಇಂಜಿನ್ನಿಗೆ ಹಾಗೆ ಅನ್ನುತ್ತಿದ್ದರು. ಹೆಂಡತಿಗೆ ಏನೂ ಅನ್ನುತ್ತಿರಲಿಲ್ಲ. 'ಏ' ಎಂದರೆ ಆಯಿತು.

ಬೀಸಲು ಬಂದ ಹೆಂಗಸರಿಗೆ ಇದೊಂದು ಚೇಷ್ಟೆಯ ವಸ್ತುವಾಗಿತ್ತು.

"ಏನ್ ಯಕ್ಕಾ, ನಿಮ್ಮ ಸವತಿ ಇವತ್ತ ಬಾಳ ಕೆಮ್ಮಾಕತ್ಯಾಳಲ್ಲ?"

"ಕೆಮ್ಮಲಿ ಬಿಡವಾ. ಆಕಿ ಕೆಮ್ಮಿದ್ರ ಹರಪನಹಳ್ಳಿಯಿಂದ ಮೇಸ್ತ್ರಿ ಓಡಿ ಬರ್ತಾನ. ನಾ ಕೆಮ್ಮಿದ್ರ ಮೆಣಸಿನ ಕಷಾಯನ ಗತಿ."

ಎಲ್ಲರೂ ನಗುತ್ತಿದ್ದರು. ದೊಡ್ಡವ್ವನೂ ನಗುತ್ತಿದ್ದಳು. ನಗುತ್ತಿದ್ದಳೆಂದೇ ನನ್ನ ನೆನಪು...

ಅವರಿಗೆ ಮಕ್ಕಳಿರಲಿಲ್ಲ. ಮಹಾನವಮಿ ಬಂದರೆ ದೊಡ್ಡಪ್ಪ ಹಿಂದಿನ ದಿನ ಇಂಜಿನ್ನಿನ ಹಳೆಯ ಎಣ್ಣೆಯನ್ನೆಲ್ಲ ಬಸಿದು, ಒಂದೊಂದೇ ಭಾಗವನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದರು. ಆಯುಧಪೂಜೆಯ ದಿನ ದೊಡ್ಡವ್ವ ಅದಕ್ಕೆ ಉಡಿ ತುಂಬಬೇಕು. ಮುತ್ತೈದೆಯರ ಮಡಿಲಿಗೆ ತುಂಬುವ ಹಾಗೆಯೇ ಅಕ್ಕಿ, ಕೊಬ್ಬರಿ, ಉತ್ತತ್ತಿ, ಹಸಿರು ಕುಬಸದ ಕಣ. ಹೊಸ ಎಣ್ಣೆಯ ಡಬ್ಬಿ ಅಡುಗೆಮನೆಯಲ್ಲಿರುತ್ತಿತ್ತು. ಉಡಿ ತುಂಬಿದ ಕೈಯಲ್ಲೇ ಅವಳು ಅದನ್ನು ತಂದುಕೊಡಬೇಕು, ದೊಡ್ಡಪ್ಪ ಇಂಜಿನ್ನಿಗೆ ಹಾಕಬೇಕು. ಇದು ಅವರ ಮನೆಯ ಪದ್ಧತಿ. ತನ್ನ ಮಡಿಲಿಗೆ ಯಾರಾದರೂ ಉಡಿ ತುಂಬುವಾಗ 'ಬೇಗ ಮಗು ಆಗಲಿ' ಎಂದು ಕೇಳಿ ಕೇಳಿ ಸಾಕಾದವಳು, ವರ್ಷವರ್ಷವೂ ಒಂದು ಕಬ್ಬಿಣಕ್ಕೆ ಬಗ್ಗಿ ಉಡಿ ತುಂಬಿದಳು.

ಒಂದು ವರ್ಷ ತುಂಬಲಿಲ್ಲ. ಊದುಬತ್ತಿ ಹಚ್ಚಿಯಾಗಿತ್ತು, ಓಣಿಯವರೆಲ್ಲ ಸೇರಿದ್ದೆವು. ನಾನಾಗ ಕಾಲೇಜು ಮೆಟ್ಟಿಲು ಹತ್ತಿದ್ದೆ. ದೊಡ್ಡವ್ವ ಮೊರ ಹಿಡಿದು ನಿಂತವಳು ಗಂಡನನ್ನು ಕೇಳಿದಳು:

"ಇಷ್ಟ ವರ್ಷ ತುಂಬೀನಿ. ಒಂದಾರ ಹಡದಾಳೇನ್ರಿ ನಿಮ್ಮಾಕಿ?"

ಯಾರೂ ನಗಲಿಲ್ಲ. ಅವಳು ಮೊರವನ್ನು ನೆಲಕ್ಕಿಟ್ಟು ಒಳಗೆ ಹೋದಳು. ದೊಡ್ಡಪ್ಪ ತಾವೇ ಕಣ ಎತ್ತಿ ಇಂಜಿನ್ನಿಗೆ ಹೊದಿಸಿದರು, ಅಕ್ಕಿ ಇಟ್ಟರು.

ಬನ್ನಿ ಹಬ್ಬ ಮುಗಿದ ಮರುದಿನ ಗಿರಣಿ ಶುರುವಾಯಿತು. ಅರ್ಧ ಡಬ್ಬಿ ಜೋಳವೂ ಬೀಸಿರಲಿಲ್ಲವೇನೋ, ಒಂದು ಕೀರಲು ಸದ್ದು ಓಣಿಯನ್ನೇ ಸೀಳಿತು. ಚಕ್ರ ಹಿಡಿದುಕೊಂಡಿತು. ಆಮೇಲೆ ಅಲುಗಲಿಲ್ಲ.

"ಟ್ಯಾಂಕಿನ್ಯಾಗ ಉಡಿ ಅಕ್ಕಿ ಹಾಕ್ಯಾಳ" ಎಂದು ಮೊದಲು ಅಂದವರು ಯಾರೋ ತಿಳಿಯದು. ಸಂಜೆಯೊಳಗೆ ಅದು ಎಲ್ಲರ ಬಾಯಲ್ಲಿತ್ತು. ದೊಡ್ಡಪ್ಪ ಇಂಜಿನ್ನಿನ ಪಕ್ಕ ನೆಲಕ್ಕೆ ಕೂತಿದ್ದರು. ಹಿರಿಯರೊಬ್ಬರು ದೊಡ್ಡವ್ವನನ್ನು ಕರೆದು ಕೇಳಿದರು, "ಖರೇ ಹೇಳವಾ, ನೀನಾ ಹಾಕಿದ್ಯಾ?"

ಅವಳು ಗಂಡನ ಕಡೆ ನೋಡಿದಳು. ಅವರು ತಲೆ ಎತ್ತಲಿಲ್ಲ.

"ಅವ್ರು ಹಂಗ ಅಂದ್ರ ಹಂಗ ಆತು ಬಿಡ್ರಿ" ಎಂದಳು.

ಊರು ಅದನ್ನು ಒಪ್ಪಿಗೆ ಎಂದುಕೊಂಡಿತು. ಹಿರೇಹಡಗಲಿಯಿಂದ ಅವಳ ಅಣ್ಣ ಬಂದು ಕರೆದುಕೊಂಡು ಹೋದ. ಬಸ್ಸಿಗೆ ಕಳಿಸಲು ಯಾರೂ ಹೋಗಲಿಲ್ಲ. ಅದೇ ವಾರ ಓಣಿಯ ಹೆಂಗಸರು ದೊಡ್ಡಪ್ಪನ ಮನೆಗೆ ರೊಟ್ಟಿ, ಪಲ್ಯ ಹೊತ್ತರು, ಸಾವಾದ ಮನೆಗೆ ಹೊರುವ ಹಾಗೆ. ನಮ್ಮವ್ವನೂ ಹೊತ್ತಳು. "ಪಾಪ, ಕೂಳು ಬಿಟ್ಟಾರ" ಎಂದಳು. ಸತ್ತದ್ದು ಇಂಜಿನ್ನು, ಹೋದದ್ದು ಹೆಂಡತಿ. ಯಾವುದಕ್ಕೆ ಕೂಳು ಬಿಟ್ಟರು ಎಂದು ಯಾರೂ ಕೇಳಲಿಲ್ಲ.

ಅವಳು ಮತ್ತೆ ಬರಲಿಲ್ಲ. ತವರಿನಲ್ಲೇ ತೀರಿಕೊಂಡಳೆಂದು ಸುದ್ದಿ ಬಂದ ದಿನವೂ ಗಿರಣಿ ನಡೆದಿತ್ತು. ಅಷ್ಟರಲ್ಲಿ ಕರೆಂಟಿನ ಮೋಟರು ಬಂದಿತ್ತು. "ಇದಕ್ಕ ಉಸುರಿಲ್ಲ" ಎಂದು ದೊಡ್ಡಪ್ಪ ಅದನ್ನು ಮುಟ್ಟುತ್ತಿರಲಿಲ್ಲ. ಮೂಲೆಗೆ ತಳ್ಳಿದ ಇಂಜಿನ್ನಿನ ಮೇಲೆ ತಾಡಪಾಲು ಹೊದಿಸಿ, ಸಾಯುವವರೆಗೂ ಅದರ ಪಕ್ಕವೇ ಮಲಗಿದರು.

ಮುಂದೆ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಓದಿದೆ. ಮನುಷ್ಯ ಯಂತ್ರಕ್ಕೆ ಹೆಸರಿಡುತ್ತಾನೆ, ಅದಕ್ಕೆ ಜೀವವಿದೆ ಎಂದುಕೊಳ್ಳುತ್ತಾನೆ, ಇದರಿಂದ ಯಾರಿಗೂ ಕೇಡಿಲ್ಲ ಎಂದು ಮೇಷ್ಟ್ರು ಪಾಠ ಮಾಡಿದರು. ಹುಡುಗರು ತಮ್ಮ ಬೈಕುಗಳ ಹೆಸರು ಹೇಳಿ ನಕ್ಕರು, ನಾನೂ ನಕ್ಕೆ. ಪಾಠದಲ್ಲಿ ಇದ್ದವರು ಇಬ್ಬರೇ, ಮನುಷ್ಯ ಮತ್ತು ಯಂತ್ರ. ಈಗ ಫೋನಿನೊಳಗಿನ ದನಿಗೆ ಮನಸೋತವರ ಬಗ್ಗೆ ಓದುತ್ತೇನೆ. ಅವರ ಅಡುಗೆಮನೆಯಲ್ಲಿ ಯಾರಿದ್ದಾರೆಂದು ಅಲ್ಲೂ ಯಾರೂ ಬರೆಯುವುದಿಲ್ಲ. ಯಂತ್ರ ಎದುರು ಮಾತಾಡುವುದಿಲ್ಲ, ಹ್ಯಾಂಡಲ್ ತಿರುಗಿಸಿದರೆ ಓಗೊಡುತ್ತದೆ. ದೊಡ್ಡಪ್ಪನಿಗೆ ಬೇಕಾದದ್ದು ಅಷ್ಟೇ ಇತ್ತೇನೋ. ಪ್ರೀತಿ ಎಂಬ ಮಾತನ್ನು ಅದಕ್ಕೆ ಬಳಸಲು ನನಗೆ ಬಾಯಿ ಬರುವುದಿಲ್ಲ.

ಕೂಡ್ಲಿಗಿಯಿಂದ ಬಂದ ಮೇಲೆ ಸುಮ್ಮನಿರಲಾಗಲಿಲ್ಲ. ಆ ಹಸಿರು ಬಳೆಯ ಕೈಯನ್ನು ನಾನು ಎಲ್ಲಿಂದ ನೋಡಿರಬಹುದು? ನಮ್ಮ ಮನೆಯ ಯಾವ ಕಿಟಕಿಯೂ ಗಿರಣಿಯ ಕಡೆಗಿಲ್ಲ. ಹರಪನಹಳ್ಳಿಗೆ ಹೋಗಿ, ಆಗ ಬಂದು ಇಂಜಿನ್ ಬಿಚ್ಚಿದ್ದ ಮೇಸ್ತ್ರಿಯನ್ನು ಹುಡುಕಿದೆ. ಈಗ ಮುದುಕ. ಅವರ ನೆನಪನ್ನೂ ನಂಬಲಾರದೆ ಕೊಟ್ಟೂರಿಗೆ ಕರೆತಂದೆ. ಗಿರಣಿಯನ್ನು ಈಗ ನಡೆಸುತ್ತಿರುವ ದೊಡ್ಡಪ್ಪನ ತಮ್ಮನ ಮಗ ತಾಡಪಾಲು ಸರಿಸಿದ. ಮೇಸ್ತ್ರಿ ಪಕ್ಕದ ಮುಚ್ಚಳ ಬಿಚ್ಚಿ ಟಾರ್ಚು ಹಿಡಿದರು.

"ಅಕ್ಕಿ ಬಿದ್ದಿದ್ರ ಡೀಸೆಲ್ ಬರೋ ದಾರಿ ಕಟ್ಟಿ, ಸುಮ್ನ ಆರಿ ಹೋಗ್ತಿತ್ರಿ. ಹಿಂಗ ಸುಡ್ತಿರಲಿಲ್ಲ. ಹಬ್ಬಕ್ಕ ಎಣ್ಣಿ ಬಸದ ಮ್ಯಾಲ ಹೊಸಾದು ಹಾಕೇ ಇಲ್ಲ. ಅವತ್ತಾ ಹೇಳೀನಿ. 'ನಮ್ಮಾಕಿಗೆ ನಾನು ಎಣ್ಣಿ ತಪ್ಪಸ್ತೀನೇನೋ?' ಅಂತ ನನಗಾ ಬೈದ್ರು."

ಡಬ್ಬಿ ತಂದುಕೊಡಬೇಕಾದವಳು ಸಿಟ್ಟಿನಲ್ಲಿ ಮರೆತಳೋ, ಬೇಕೆಂದೇ ತರಲಿಲ್ಲವೋ... ಮೇಸ್ತ್ರಿಯ ಮಾತು ದೊಡ್ಡಪ್ಪನ ಕಿವಿಗೆ ಬಿದ್ದದ್ದು ಅವಳು ಬಸ್ಸು ಹತ್ತುವ ಮುಂಚೆಯೋ, ಆಮೇಲೋ, ಅದು ಮೇಸ್ತ್ರಿಗೂ ನೆನಪಿಲ್ಲ... ಹೇಳಬೇಕಾದವರಿಬ್ಬರೂ ಇಲ್ಲ. ಆ ಕೈ, ಆ ಬಳೆ, ಆ ಅಕ್ಕಿ ಈಗಲೂ ನನ್ನ ಕಣ್ಣ ಮುಂದೆ ಹಾಗೆಯೇ ಇದೆ. ಹೋಗೆಂದರೂ ಹೋಗುವುದಿಲ್ಲ.

ನಾನು ಟಾರ್ಚು ಇಸಿದುಕೊಂಡು ಒಳಗೆ ಬಗ್ಗಿ ನೋಡಿದೆ. ಬೇರಿಂಗು ಕರಗಿ ಚಕ್ರದ ದಂಡಕ್ಕೆ ಅಂಟಿಕೊಂಡಿತ್ತು. ಕೆಳಗಿನ ಎಣ್ಣೆಯ ತೊಟ್ಟಿ ಒರೆಸಿಟ್ಟಷ್ಟು ಒಣಗಿತ್ತು.