ಗೋಡೆಯಾಚೆ ಎಸೆದ ಇಲಿ

ನಾನು ಚಿಕ್ಕವಳಿದ್ದಾಗ ಗೋಕಾಕದಲ್ಲಿ ಮನೆಯೊಳಗೆ ಒಂದು ಇಲಿ ಸತ್ತು ಬಿದ್ದರೆ ಸಾಕು, ಮನೆಮಂದಿಯೆಲ್ಲ ಹಾಸಿಗೆ ಸುತ್ತಿಕೊಂಡು ಊರ ಹೊರಗಿನ ಗುಡಿಸಲಿಗೆ ಹೋಗಬೇಕಿತ್ತು. ನಗಬೇಡಿ, ಖರೇನೇ ಹೇಳುತ್ತಿದ್ದೇನೆ. ಅದು ಪ್ಲೇಗಿನ ಕಾಲ. ಇಲಿ ಬಿದ್ದ ಮನೆಯಲ್ಲಿ ನಾಲ್ಕು ದಿನ ಕಳೆಯುವುದರೊಳಗೆ ಮನುಷ್ಯರೂ ಬೀಳುತ್ತಿದ್ದರು.

ನಮ್ಮ ಅಪ್ಪ ಊರಿನ ಸೇವಾ ಸಂಘದ ಮುಖಂಡ. ಪಗಾರವಿಲ್ಲ, ಏನಿಲ್ಲ. ಬೆಳಗ್ಗೆ ರೊಟ್ಟಿ ತಿಂದು ಹತ್ತು ಹುಡುಗರನ್ನು ಕಟ್ಟಿಕೊಂಡು ಹೊರಟನೆಂದರೆ ಗುಡಿಸಲು ಹಾಕುವುದು, ಮನೆಗಳಿಗೆ ಫಿನೈಲ್ ಹೊಡೆಯುವುದು, ಹೆಣ ಹೊರಲು ಯಾರೂ ಬರದಿದ್ದರೆ ತಾನೇ ಹೆಗಲು ಕೊಡುವುದು. ಹುಕ್ಕೇರಿ, ಮೂಡಲಗಿಯಿಂದಲೂ ಅವನನ್ನು ಕರೆಯಲು ಚಕ್ಕಡಿ ಬರುತ್ತಿತ್ತು. "ಇಲಿ ಬಿದ್ರ ಮುಚ್ಚಿಡಬ್ಯಾಡ್ರಿ, ಮದ್ಲ ನನಗ ಬಂದ ಹೇಳ್ರಿ" ಎಂದು ಓಣಿ ಓಣಿಯಲ್ಲಿ ಕೂಗುತ್ತಿದ್ದ. ನನಗೆ ಅಪ್ಪನೆಂದರೆ ಎಲ್ಲಿಲ್ಲದ ಜಂಬ.

ಒಂದು ಮುಂಜಾನೆ ಹಿತ್ತಲ ಬಾಗಿಲು ತೆಗೆದರೆ ನಮ್ಮ ಕಟ್ಟಿಗೆ ರಾಶಿಯ ಬಳಿಯೇ ಇಲಿ ಬಿದ್ದಿತ್ತು. ಬಾಯಲ್ಲಿ ರಕ್ತ, ಮೈಗೆಲ್ಲ ಇರುವೆ. ಇಡೀ ಊರಿಗೆ ಬುದ್ಧಿ ಹೇಳುವ ಅಪ್ಪನ ಮನೆಯಲ್ಲೇ ಇಲಿ! ಗೆಳತಿಯರು ನಕ್ಕಾರು ಎಂಬುದೊಂದೇ ನನ್ನ ತಲೆಗೆ ಹೊಳೆಯಿತು. ಒಳಗೆ ಬಾಣಂತಿ ಅಕ್ಕ ಹದಿನೈದು ದಿನದ ಕೂಸಿನೊಂದಿಗೆ ಮಲಗಿದ್ದಾಳೆ ಎಂಬುದು ಹೊಳೆಯಲಿಲ್ಲ. ಒಲೆಯ ಇಕ್ಕಳದಿಂದ ಅದರ ಬಾಲ ಹಿಡಿದು ಗೋಡೆಯಾಚೆ ಎಸೆದುಬಿಟ್ಟೆ. ಏನು ಹೇಳಲಿ ನನ್ನ ಬುದ್ಧಿಗೆ!

ಗೋಡೆಯಾಚೆ ಇದ್ದವಳು ಒಬ್ಬಂಟಿ ಮುದುಕಿ, ಓಣಿಗೆಲ್ಲ ಆಯಿ. ಮಣ್ಣಿನ ಮಾವು, ಪೇರಲ, ಬಾಳೆಹಣ್ಣು ಮಾಡಿ, ಬಣ್ಣ ಹಚ್ಚಿ, ಸಂತೆಯಲ್ಲಿ ಮಾರಿ ಹೊಟ್ಟೆ ಹೊರೆಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅವಳೇ ಅಪ್ಪನ ಬಳಿ ಓಡಿ ಬಂದಳು.

"ತಮ್ಮಾ, ನಮ್ಮ ಹಿತ್ತಲದಾಗ ಇಲಿ ಬಿದ್ದೈತೋ. ಮುಚ್ಚಿಡಬ್ಯಾಡ್ರಿ ಅಂದಿದ್ದಿ ಅಲ್ಲಾ, ಅದಕ್ಕ ಹೇಳಾಕ ಬಂದೆ."

ಬಿಸಿಲು ಬೀಳಲೆಂದು ಅಪ್ಪನ ಹುಡುಗರು ಅವಳ ಮನೆಯ ಹೆಂಚು ತೆಗೆದರು. ಸಾಮಾನೆಲ್ಲ ಅಂಗಳಕ್ಕೆ ತಂದು ಫಿನೈಲ್ ನೀರು ಸುರಿದರು. ಸಂತೆಗೆಂದು ಸಾಲಾಗಿ ಇಟ್ಟಿದ್ದ ಹಣ್ಣುಗಳ ಮೇಲೂ ಬಿತ್ತು. ಕೆಂಪು, ಹಳದಿ, ಹಸಿರು ಎಲ್ಲ ಕಲಸಿ ಗಟಾರಕ್ಕೆ ಹರಿಯಿತು. ಆಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನೋಡುತ್ತ ಕುಳಿತಳು. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ.

ಮಧ್ಯಾಹ್ನ ಅಪ್ಪ ಉಣ್ಣಲು ಕುಳಿತ. "ನಮ್ಮ ಪುಣ್ಯಾ, ನಮ್ಮ ಮನ್ಯಾಗ ಏನೂ ಬಿದ್ದಿಲ್ಲ" ಎಂದ. ಅಕ್ಕ ಕೌದಿ ಹಾಸಿ ಕೂಸನ್ನು ನೆಲದ ಮೇಲೆ ಮಲಗಿಸಿದಳು. ಇನ್ನು ನನಗೆ ತಡೆಯಲಾಗಲಿಲ್ಲ.

"ಅಪ್ಪಾ, ಆ ಇಲಿ ನಮ್ದ! ನಾನ ಒಗದೆ!" ಎಂದು ಕಿರುಚಿದೆ.

ಅಪ್ಪ ಹೊಡೆಯಲಿಲ್ಲ. ಹೊಡೆದಿದ್ದರೆ ಪಾಡಿತ್ತು. ಅರ್ಧ ಊಟಕ್ಕೇ ಕೈ ತೊಳೆದು, ನನ್ನ ರಟ್ಟೆ ಹಿಡಿದು ಓಣಿಗೆ ಎಳೆದೊಯ್ದ. "ಇಲಿ ಬಿದ್ದದ್ದು ನಮ್ಮ ಮನ್ಯಾಗ್ರಿ. ನನ್ನ ಮಗಳು ಆಯಿ ಹಿತ್ತಲಕ್ಕ ಒಗದಾಳ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಚಕ್ಕಡಿ ಹತ್ತಲು ನಿಂತಿದ್ದ ಆಯಿಯ ಕಾಲು ಮುಟ್ಟಿ "ತಪ್ಪಾತು ಆಯಿ" ಎಂದ. ಯಾರೋ ನಕ್ಕರು. ಭೂಮಿ ಬಾಯಿ ಬಿಟ್ಟಿದ್ದರೆ ಒಳಗೆ ಹೋಗಿಬಿಡುತ್ತಿದ್ದೆ.

ಆಯಿ ಗದರಿದಳು: "ಕಾಲೇನ ಮುಟ್ಟತೀಯೋ! ಮದ್ಲ ಆ ಕೂಸಿನ್ನ ಹೊರಗ ತೊಗೊಂಡ ಬಾ!" ಚಕ್ಕಡಿಯಲ್ಲಿ ತನ್ನ ಜಾಗಕ್ಕೆ ಅಕ್ಕನನ್ನೂ ಕೂಸನ್ನೂ ಕೂರಿಸಿ, ತಾನು ಬಿಸಿಲಲ್ಲಿ ನಡೆದೇ ಗುಡಿಸಲಿಗೆ ಬಂದಳು.

ನಮ್ಮ ಮನೆಮಂದಿಯೆಲ್ಲ ಜೀವಂತ ಉಳಿದೆವು. ಆದರೆ ಅಪ್ಪ ಓಣಿಯಲ್ಲಿ ಕೂಗಲು ಹೋದಾಗಲೆಲ್ಲ ಯಾರಾದರೂ "ಮದ್ಲ ನಿಮ್ಮ ಹಿತ್ತಲಾ ನೋಡ್ಕೋರಿ" ಎಂದು ಚುಚ್ಚುತ್ತಿದ್ದರು. ಅಪ್ಪ ತಲೆ ತಗ್ಗಿಸಿ "ನೋಡ್ಕೊಂಡ ಬಂದೇನ್ರಿ" ಎನ್ನುತ್ತಿದ್ದ. ಕೂಗುವುದನ್ನು ಮಾತ್ರ ಬಿಡಲಿಲ್ಲ.

ನಿಮ್ಮ ಕಾಲವೇ ಬೇರೆ, ಮಕ್ಕಳೇ. ಪ್ಲೇಗು ನಿಮಗೆ ಪುಸ್ತಕದಲ್ಲಿನ ಶಬ್ದ. ಇಲಿ ಸತ್ತರೆ ಮೂಗು ಮುಚ್ಚಿಕೊಂಡು ಕಸದ ಗಾಡಿಗೆ ಹಾಕುತ್ತೀರಿ, ಯಾರ ಮನೆಯದೆಂದು ಯಾರೂ ಕೇಳುವುದಿಲ್ಲ. ಕಾಲು ತಗುಲಿದರೂ "ಸಾರಿ", ಲೋಟ ಉರುಳಿದರೂ "ಸಾರಿ". ಅದೇನು ಅಗ್ಗದ ಮಾತೋ ಎಂದು ನಿಮ್ಮನ್ನು ಬಯ್ಯುತ್ತೇನೆ. ಬಯ್ಯುವ ಬಾಯಿ ನನಗೆಲ್ಲಿದೆ? ಅಂದು ತಪ್ಪಾಯಿತು ಎಂದವನು ಅಪ್ಪ. ಆಯಿ ಆಮೇಲೆ ಎಷ್ಟೋ ವರ್ಷ ನಮ್ಮ ಬಾಜೂ ಮನೆಯಲ್ಲೇ ಬದುಕಿದ್ದಳು, ದಿನಾ ನನ್ನನ್ನು ಕರೆದು ಮಾತಾಡಿಸುತ್ತಿದ್ದಳು. ನಾನು ಒಮ್ಮೆಯೂ ಆ ಮಾತು ಹೇಳಲಿಲ್ಲ.