ತಾತನಿಗೆಂದು ಹುಡುಕಿದ ‘ಎಂ’ ಹಾಡುಗಳು

ನನ್ನ ಫೋನಿನಲ್ಲಿ ಒಂದು ಪ್ಲೇಲಿಸ್ಟ್ ಇದೆ. ಅದರಲ್ಲಿರುವುದೆಲ್ಲ ಪಾಶ್ಚಾತ್ಯ ಹಾಡುಗಳು. ಎಲ್ಲದರ ಹೆಸರೂ ಇಂಗ್ಲಿಷಿನ ಎಂ ಅಕ್ಷರದಿಂದಲೇ ಶುರುವಾಗುತ್ತದೆ. ಕಾಲೇಜಿನ ಗೆಳತಿಯರು ಅದನ್ನು ನೋಡಿ “ಯಾರೇ ಅವ್ನು, ಎಂ ಅನ್ನಾವ” ಎಂದು ಇವತ್ತಿಗೂ ಕಾಡುತ್ತಾರೆ. ಯಾವ ಹುಡುಗನೂ ಅಲ್ಲ. ಅದು ನಮ್ಮ ತಾತ. ತಮಾಷೆಯೆಂದರೆ ಅವರ ಹೆಸರೂ ಎಂನಿಂದ ಶುರುವಾಗುವುದಿಲ್ಲ.

ನಮ್ಮದು ಆಂಧ್ರದ ಆದೋನಿಯಲ್ಲಿ ಅಯ್ಯನವರ ಮನೆ. ಹತ್ತಿ ವ್ಯಾಪಾರಿಗಳ ಅಂಗಡಿ ಪೂಜೆ, ಗೃಹಪ್ರವೇಶ, ಮದುವೆ ಎಲ್ಲಕ್ಕೂ ತಾತನೇ ಹೋಗುತ್ತಿದ್ದರು. ಸಂಜೆ ಹೊತ್ತು ಪಡಸಾಲೆಯಲ್ಲಿ ಹುಡುಗರನ್ನು ಕೂರಿಸಿಕೊಂಡು ಮಂತ್ರ ಹೇಳಿಕೊಡುತ್ತಿದ್ದರು. ಕಂಠ ಎಷ್ಟು ದೊಡ್ಡದೆಂದರೆ, ಬೀದಿಯ ಆ ತುದಿಯ ಕಿರಾಣಿ ಅಂಗಡಿಯವನು “ಅಯ್ಯನೋರ ಪಾಠ ಮುಗೀತು, ಇನ್ನ ಲೈಟ್ ಹಾಕ್ರಿ” ಎನ್ನುತ್ತಿದ್ದನಂತೆ.

ಮನೆಯಲ್ಲಿ ತಾತ ಮಾಡಿಟ್ಟಿದ್ದ ಒಂದು ಪದ್ಧತಿ ಇತ್ತು. ಯಾರಾದರೂ ಸ್ತೋತ್ರ ಹೇಳುವಾಗ ತಪ್ಪಿದರೆ, ಅದು ಯಾರ ಕಿವಿಗೆ ಬಿದ್ದರೂ ಅವರು ಇದ್ದಲ್ಲಿಂದಲೇ ಕೂಗಿ ತಿದ್ದಬೇಕು. ಅಡುಗೆಮನೆಯಲ್ಲಿರಲಿ, ಬಚ್ಚಲಲ್ಲಿರಲಿ, ಸುಮ್ಮನಿರುವಂತಿಲ್ಲ. ತಪ್ಪಿದವರು ಅಲ್ಲಿಂದ ಮುಂದುವರಿಸುವಂತಿಲ್ಲ. ತಾತ ಬೆರಳೆತ್ತಿ “ಮೊದ್ಲಿಂದ” ಎನ್ನುತ್ತಿದ್ದರು. ಅಷ್ಟೇ, ಬೈಗುಳವಿಲ್ಲ, ಏಟಿಲ್ಲ. ನಾವೆಲ್ಲ ಆ ‘ಮೊದ್ಲಿಂದ’ ಕೇಳಿಕೊಂಡೇ ಬೆಳೆದೆವು. ಹಾಗಾಗಿ ನಮ್ಮ ಮನೆಯವರಿಗೆ ತಪ್ಪು ತಿದ್ದುವುದೆಂದರೆ ಕೆಮ್ಮು ಬಂದಷ್ಟು ಸಹಜ. ತಡೆದುಕೊಳ್ಳಲು ಆಗುವುದಿಲ್ಲ.

ಹೋದ ವರ್ಷ ತಾತನಿಗೆ ಸ್ಟ್ರೋಕ್ ಆಯಿತು. ದೇವರ ದಯೆ, ಕೈಕಾಲು ಬೇಗನೇ ಹಿಡಿತಕ್ಕೆ ಬಂದವು. ಮಾತು ಬರಲಿಲ್ಲ. ಎಲ್ಲ ಅರ್ಥವಾಗುತ್ತಿತ್ತು, ಮನಸ್ಸಿನಲ್ಲಿ ಪದವೂ ಇರುತ್ತಿತ್ತು, ನಾಲಿಗೆ ಮಾತ್ರ ಕೇಳುತ್ತಿರಲಿಲ್ಲ. ಎಮ್ಮಿಗನೂರಿನಲ್ಲಿ ವಾರಕ್ಕೊಮ್ಮೆ ಮಾತು ಕಲಿಸುವ ಒಬ್ಬ ಡಾಕ್ಟರಮ್ಮ ಕೂರುತ್ತಾರೆಂದು ಗೊತ್ತಾಗಿ ಕರೆದುಕೊಂಡು ಹೋದೆವು. ತೆಲುಗಿನವರು, ವಯಸ್ಸಿನಲ್ಲಿ ನನಗಿಂತ ಸ್ವಲ್ಪ ದೊಡ್ಡವರಷ್ಟೇ.

“ತಾತಗಾರೂ, ಪೆದಾಲು ಮೂಸಿ ‘ಮ್’ ಅನಂಡಿ,” ಎಂದು ತಮ್ಮ ತುಟಿ ಮುಚ್ಚಿ ತೋರಿಸಿದರು. ಎಲ್ಲಕ್ಕಿಂತ ಸುಲಭದ ಅಕ್ಷರ ಅದೇ ಅಂತೆ, ಎಳೆಮಗುವಿಗೂ ಮೊದಲು ಬರುವುದು ಅದೇ. ‘ಮ’ದಿಂದ ಶುರುವಾಗುವ ಪದ, ಹಾಡು ಏನಾದರೂ ಸರಿ, ದಿನಾ ಬಾಯಿ ಆಡಿಸಬೇಕು ಎಂದರು. ಹೊರಗೆ ಬಂದಾಗ ನನ್ನನ್ನೂ ಅಪ್ಪನನ್ನೂ ನಿಲ್ಲಿಸಿ, ಈ ಕೆಲವು ತಿಂಗಳೇ ಮುಖ್ಯ, ಈಗ ಅವರು ಬಾಯಿ ಮುಚ್ಚಿಕೊಂಡು ಕೂತರೆ ಆಮೇಲೆ ಮಾತು ತರಿಸುವುದು ತುಂಬಾ ಕಷ್ಟ ಎಂದು ಹೇಳಿದರು.

ಮರುದಿನ ಬೆಳಿಗ್ಗೆ ಪೂಜೆಯಾದ ಮೇಲೆ ತಾತ ತಾವಾಗಿಯೇ ಕೂತು ಶುರುಮಾಡಿದರು. ‘ಮಹಾದೇವ’ ಎನ್ನಲು ಹೊರಟರು. “ಮಾ… ಮಾವೇ…”

“ದೇವ, ದೇವ,” ಅಡುಗೆಮನೆಯಿಂದ ಅಜ್ಜಿ.

“ಮಹಾ ಅನ್ರಿ ಮೊದ್ಲು. ಹಾ ಬಿಟ್ಟ್ರಿ,” ಅಂಗಿ ಹಾಕಿಕೊಳ್ಳುತ್ತಲೇ ಅಪ್ಪ.

ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಅವ್ವ ಕೂಡ ಅಲ್ಲಿಂದಲೇ ತಿದ್ದಿದಳು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಬಾಯಿಗೆ ಅಭ್ಯಾಸವಾಗಿಹೋಗಿತ್ತು. ತಾತ ಇನ್ನೊಂದು ಸಲ ಪ್ರಯತ್ನಿಸಿದರು, ಮತ್ತೆ ಮೂರೂ ಕಡೆಯಿಂದ ತಿದ್ದುಪಡಿ ಬಂತು. ತಾತ ನಮ್ಮನ್ನೆಲ್ಲ ಒಂದು ಸಲ ನೋಡಿ, ಹೆಗಲ ಮೇಲಿನ ವಸ್ತ್ರದಿಂದ ಬಾಯಿ ಒರೆಸಿಕೊಂಡು ಎದ್ದುಹೋದರು. ಆಮೇಲೆ ಬಾಯಿ ತೆರೆಯಲೇ ಇಲ್ಲ. ನೀರು ಬೇಕಾದರೆ ಲೋಟ ತೋರಿಸುವುದು, ಬೇಡವಾದರೆ ಕೈ ಆಡಿಸುವುದು. ಪಾಠಕ್ಕೆ ಬರುತ್ತಿದ್ದ ಹುಡುಗರನ್ನು ಬಾಗಿಲಲ್ಲೇ ಕೈಸನ್ನೆ ಮಾಡಿ ಕಳಿಸಿಬಿಟ್ಟರು. ಡಾಕ್ಟರಮ್ಮ ಹೇಳಿದ ತಿಂಗಳುಗಳು ಹೀಗೇ ಸುಮ್ಮನೆ ಕಳೆದುಹೋಗುತ್ತವಲ್ಲ ಎಂದು ನನಗೆ ಊಟ ಸೇರುತ್ತಿರಲಿಲ್ಲ.

ಪಾಶ್ಚಾತ್ಯ ಹಾಡಿನ ಹುಚ್ಚು ನನಗೆ ಮೊದಲಿನಿಂದ ಇತ್ತು. ಯಾರೂ ಕಲಿಸಿದ್ದಲ್ಲ. ಆಲೂರಿನಲ್ಲಿ ನನ್ನ ಕಾಲೇಜು. ದಿನಾ ಬಸ್ಸಿನಲ್ಲಿ ಹೋಗಿಬರುವಾಗ ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ಹಾಡಿನ ಸಾಲುಗಳನ್ನು ಫೋನಿನಲ್ಲಿ ಓದುತ್ತಾ ಓದುತ್ತಾ ಕಲಿತದ್ದು. ಒಂದು ಮಧ್ಯಾಹ್ನ ತಾತನ ಪಕ್ಕ ಕೂತು ಶೇಂಗಾ ಸುಲಿಯುತ್ತಾ ಯಾವುದೋ ಹಾಡು ಗುನುಗುತ್ತಿದ್ದೆ. ನೋಡುತ್ತೇನೆ, ತಾತನ ಬೆರಳು ಮಂಚದ ಪಟ್ಟಿಯ ಮೇಲೆ ತಾಳ ಹಾಕುತ್ತಿದೆ. ಚಂದ್ರನ ಮೇಲಿನ ನಿಧಾನದ ಹಾಡು ಅದು. ಹೆಸರು ಎಂನಿಂದಲೇ ಶುರು. ಅದು ಹೊಳೆದದ್ದೇ ತಡ, ಶೇಂಗಾ ಅಲ್ಲೇ ಬಿಟ್ಟು ಹುಡುಕಲು ಕೂತೆ.

ಎಂ ಅಕ್ಷರದಲ್ಲಿ ಎಷ್ಟು ಹಾಡಿವೆ ಗೊತ್ತೇ? ಯಾವುದೋ ದೇಶದಲ್ಲಿ ಯಾರೋ ಪುಣ್ಯಾತ್ಮರು ಕೂತು ಒಂದೊಂದು ಅಕ್ಷರಕ್ಕೂ ಹಾಡುಗಳನ್ನು ಜೋಡಿಸಿಟ್ಟಿದ್ದಾರೆ. ಚಂದ್ರ ಅಲ್ಲಿ ಎಂ, ಬೆಳಗು ಎಂ, ಬೆಟ್ಟ ಎಂ, ಅಮ್ಮನೂ ಎಂ. ಸೋಮವಾರವೂ ಎಂ. ಸೋಮವಾರದ ಮೇಲೆ ಅವರ ಹಾಡೆಲ್ಲ ಬೇಜಾರಿನವು. ನಮ್ಮ ಮನೆಯಲ್ಲಿ ಸೋಮವಾರವೆಂದರೆ ಶಿವನ ವಾರ, ಪಾಯಸದ ವಾರ. ಅವರಿಗೆ ಏಕೆ ಅಷ್ಟು ದುಃಖವೋ. ಒಂದು ಹಾಡಿನಲ್ಲಂತೂ ಒಬ್ಬ ಹೆಂಗಸು ಪಲ್ಲವಿ ಮುಗಿದ ಮೇಲೆ ಪದವೇ ಇಲ್ಲದೆ ಬರೀ ಬಾಯಿ ಮುಚ್ಚಿ ‘ಮ್’ ಎಂದು ಎಳೆಯುತ್ತಾ ಹೋಗುತ್ತಾಳೆ, ಥೇಟ್ ಡಾಕ್ಟರಮ್ಮನ ಹಾಗೆ. ಅದನ್ನು ಕೇಳಿದಾಗ ನನಗೆ ಕುಣಿಯುವುದೊಂದು ಬಾಕಿ.

ಸಂಜೆ ಅದನ್ನು ಜೋರಾಗಿ ಹಾಕಿದೆ. ಅಜ್ಜಿ ರೊಟ್ಟಿ ತಟ್ಟುವುದನ್ನು ಬಿಟ್ಟು ಬಾಗಿಲಿಗೆ ಬಂದರು.

“ಏನ್ ಹಾಡವ್ವಾ ಇದು? ಆಕಿಗೆ ಹಲ್ಲುನೋವು ಐತೇನು?”

“ಹಾಡೇ ಹಂಗ ಐತಿ ಅಜ್ಜಿ.”

ಅಪ್ಪನಿಗೆ ಸಿಟ್ಟು ಬಂತು. “ದೇವರ ಮುಂದ ದೀಪ ಹಚ್ಚೋ ಹೊತ್ನ್ಯಾಗ ಇಂಗ್ಲಿಷ್ ಹಾಡಾ? ಮ ಅಕ್ಷರದ್ದು ನಮ್ಮ ಹತ್ರ ಬೇಕಾದಷ್ಟು ಅದಾವು. ತಾತಗ ಅವೆಲ್ಲಾ ಬಾಯಿಪಾಠ.”

“ಅದಕ್ಕ ಅಪ್ಪಾ. ಅವು ನಿಮಗೂ ಬಾಯಿಪಾಠ, ಅಜ್ಜಿಗೂ ಬಾಯಿಪಾಠ. ತಾತ ಬಾಯಿ ತೆರದ್ರ ಸಾಕು, ಎಲ್ರೂ ಮ್ಯಾಲೆ ಬೀಳ್ತೀರಿ. ಈ ಹಾಡು ನಿಮಗ ಬರ್ತೈತೇನು?”

“ನನಗ್ಯಾಕ ಬರ್ಬೇಕು ಅದು?”

“ಬರಬಾರ್ದು. ನಿಮಗ ಬರದಿದ್ರ ತಾತಗ ತಪ್ಪೇ ಇರಲ್ಲ.”

ಅಪ್ಪ ದೀಪ ಹಚ್ಚಲು ಒಳಗೆ ಹೋದರು. ತಾತ ಕಿಟಕಿಯ ಕಡೆ ನೋಡುತ್ತಿದ್ದರು, ಆದರೆ ಎಲ್ಲವನ್ನೂ ಕೇಳಿಸಿಕೊಂಡಿದ್ದರು ಎನ್ನುವುದು ಅವರ ಕಿವಿ ನೋಡಿದರೇ ಗೊತ್ತಾಗುತ್ತಿತ್ತು.

ಅಂದಿನಿಂದ ಎಮ್ಮಿಗನೂರಿಗೆ ಹೋಗುವ ಬಸ್ಸೇ ನಮ್ಮ ಪಾಠಶಾಲೆ. ಇಯರ್‌ಫೋನಿನ ಒಂದು ತುದಿ ತಾತನ ಕಿವಿಗೆ, ಇನ್ನೊಂದು ನನ್ನ ಕಿವಿಗೆ. ಒಂದು ದಿನ ಹತ್ತಿ ತುಂಬಿದ ಲಾರಿಯೊಂದು ಮುಂದೆ ಹೋಗುತ್ತಿತ್ತು, ಅದರಿಂದ ಬಿಡಿ ಹತ್ತಿ ಕಿಟಕಿಯೊಳಗೆ ತೇಲಿಬಂದು ತಾತನ ವಿಭೂತಿಯ ಮೇಲೆ ಕೂತಿತು. ಅದನ್ನು ತೆಗೆಯಲೆಂದು ಹತ್ತಿರ ಬಾಗಿದೆ. ಆಗ ಕೇಳಿಸಿತು. ಬಸ್ಸಿನ ಗಡಗಡದ ಅಡಿಯಲ್ಲಿ ತಾತ ‘ಮ್‌ಮ್‌ಮ್’ ಎಂದು ಆ ಹೆಂಗಸಿನ ಜೊತೆ ಹೋಗುತ್ತಿದ್ದರು. ನಾನು ಅವರ ಮುಖ ನೋಡಲಿಲ್ಲ. ನೋಡಿದರೆ ನಿಲ್ಲಿಸಿಬಿಡುತ್ತಾರೆಂಬ ಭಯ. ಆ ಹತ್ತಿಯನ್ನು ಹಾಗೇ ಮುಷ್ಟಿಯಲ್ಲಿ ಹಿಡಿದು ಹೊರಗೆ ನೋಡುತ್ತಾ ಕೂತೆ.

ಕಂಡಕ್ಟರ್ ಟಿಕೆಟ್ ಕೊಡಲು ಬಂದವನು, “ಏಂ ಪಾಟ ತಾತಾ, ಪಾತದಾ ಕೊತ್ತದಾ?” ಎಂದು ನಗೆಯಾಡಿದ. ಹಳೆಯದೋ ಹೊಸದೋ ತಾತನಿಗೇನು ಗೊತ್ತು. ಕೈಯಿಂದ ಅವನನ್ನು ಮುಂದೆ ಹೋಗೆಂದರು, ಹಾಡಿಗೆ ಅಡ್ಡಿಮಾಡಬೇಡ ಎನ್ನುವ ಹಾಗೆ.

ಬಸ್ಸಿನಲ್ಲಿ ಬಂದದ್ದು ಮನೆಯಲ್ಲಿ ಬರಲಿಲ್ಲ. ಮನೆಯಲ್ಲಿ ಹಾಡು ಹಾಕಿದರೆ ಬೆರಳಾಡಿಸುತ್ತಿದ್ದರು, ಅಷ್ಟೇ. ಗೋಡೆಗಳಿಗೂ ಕಿವಿಯಿದ್ದ ಮನೆಯಲ್ಲವೇ. ಡಾಕ್ಟರಮ್ಮನೂ, ದನಿ ಬಂದಿದೆ, ಪದ ಬರಬೇಕು, ಮನೆಯವರ ಮುಂದೆ ಬರಬೇಕು ಎಂದರು.

ಆಮೇಲೆ ಒಂದು ಭಾನುವಾರ. ಎಲ್ಲರೂ ಮನೆಯಲ್ಲಿದ್ದರು, ಅಜ್ಜಿ ಉಗ್ಗಾಣಿಗೆ ಮಂಡಕ್ಕಿ ನೆನೆಹಾಕಿ ಹಿಂಡುತ್ತಿದ್ದರು. ನನ್ನ ಫೋನಿಗೆ ಚಾರ್ಜ್ ಇರಲಿಲ್ಲ. ತಾತ ಕಿವಿ ಮುಟ್ಟಿ ತೋರಿಸಿ ಹಾಡು ಕೇಳಿದರು. ಸರಿ, ನಾನೇ ಹಾಡುತ್ತೇನೆಂದು ಆ ಚಂದ್ರನ ಹಾಡನ್ನು ಎತ್ತಿಕೊಂಡೆ. ಮೊದಲ ಸಾಲು ಚೆನ್ನಾಗಿಯೇ ಬಂತು. ಎರಡನೆಯದರಲ್ಲಿ ರಾಗ ಮೇಲಕ್ಕೆ ಹೋಗಬೇಕಾದಲ್ಲಿ ನಾನು ಕೆಳಕ್ಕಿಳಿಸಿಬಿಟ್ಟೆ. ನನಗೆ ಗೊತ್ತೇ ಆಗಲಿಲ್ಲ, ಹಾಗೇ ಹೋಗುತ್ತಿದ್ದೆ.

ತಾತನ ಬೆರಳು ಮೇಲೆದ್ದಿತು.

ಮುಖದಲ್ಲಿ ಎಷ್ಟೋ ದಿನದಿಂದ ಕಾಣದಿದ್ದ ಆ ಹಳೆಯ ಮೇಷ್ಟ್ರ ಗತ್ತು. ತುಟಿ ಮುಚ್ಚಿದರು, “ಮ್” ಎಂದು ಎಳೆದರು, ಕುತ್ತಿಗೆಯ ನರ ಬಿಗಿಯಿತು. “ಮೊ… ಮೊಲಿಂದ.”

ಅಪ್ಪನ ಬಾಯಿ ತಾನಾಗಿಯೇ ತೆರೆಯಿತು. ತಾತ ನುಂಗಿದ ‘ದ’ ಅವರ ನಾಲಿಗೆಯ ತುದಿಗೆ ಬಂದಿತ್ತು, ನನಗೆ ಕಾಣುತ್ತಿತ್ತು. ಅಜ್ಜಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ಮಂಡಕ್ಕಿ ಮೆತ್ತಿದ ಕೈಯನ್ನೇ ಅಪ್ಪನ ಕಡೆ ಅಡ್ಡ ಹಿಡಿದರು. ಅಪ್ಪ ಬಾಯಿ ಮುಚ್ಚಿಕೊಂಡರು.

“ಆತು ತಾತಾ,” ಎಂದೆ. “ಮೊದ್ಲಿಂದ ಹಾಡ್ತೀನಿ.”

ಚಂದ್ರನ ಹಾಡನ್ನು ಮೊದಲಿನಿಂದ ಎತ್ತಿಕೊಂಡೆ. ನಿಜ ಹೇಳಬೇಕೆಂದರೆ, ಎರಡನೆಯ ಸಾಲು ಬಂದಾಗ ಮತ್ತೆ ತಪ್ಪಿದೆ.

“ಮೊಲಿಂದ,” ಎಂದರು ತಾತ.